ಸಪೋರ್ಟ್ ಕೆಲಸದಿಂದ ಬ್ಯಾಕೆಂಡ್‌ಗೆ: ಶಿಡ್ಲಘಟ್ಟದ ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಶಿಡ್ಲಘಟ್ಟದವನು. 2023ರಲ್ಲಿ ಬಿ.ಇ. ಮುಗಿಸಿ ಬೆಂಗಳೂರಿನ ಒಂದು ಸರ್ವೀಸ್ ಕಂಪನಿಯಲ್ಲಿ ಎರಡು ವರ್ಷದಿಂದ ಅಪ್ಲಿಕೇಶನ್ ಸಪೋರ್ಟ್‌ನಲ್ಲಿದ್ದೇನೆ. ಬಳಕೆದಾರರ ದೂರುಗಳ ಟಿಕೆಟ್ ನೋಡುವುದು, ವ್ಯವಸ್ಥೆ ಬರೆದಿಡುವ ಲಾಗ್ ಹುಡುಕುವುದು, ಹೇಳಿದಾಗ ಡೇಟಾಬೇಸಿನಲ್ಲಿ ಒಂದೆರಡು ಸಾಲು ಸರಿಪಡಿಸುವುದು, ಇಷ್ಟೇ ಕೆಲಸ. ಬ್ಯಾಕೆಂಡ್ ಡೆವಲಪರ್ ಆಗುವ ಆಸೆ. ಯಾವ ಭಾಷೆ ಕಲಿಯಲಿ? ಈ ದಾರಿ ಮುಂದೆ ಎಲ್ಲಿಗೆ ಹೋಗುತ್ತದೆ? ಒಳ್ಳೆಯ ಎಂಜಿನಿಯರ್ ಅನ್ನಿಸಿಕೊಳ್ಳಲು ಏನು ಬೇಕು? ಅಪ್ಪ ರೇಷ್ಮೆ ಸಾಕುತ್ತಾರೆ, ವಾರದಲ್ಲಿ ಕೆಲವು ದಿನವಾದರೂ ಊರಲ್ಲಿ ಇರಬೇಕಾಗುತ್ತದೆ. ಮೂರು ವರ್ಷದ ಡೆವಲಪ್‌ಮೆಂಟ್ ಅನುಭವದ ಪತ್ರ ಮಾಡಿಸಿಕೊಡುವ ಕನ್ಸಲ್ಟೆನ್ಸಿಗೆ ಹೋಗು ಎಂದು ಜೊತೆಯವರು ಹೇಳುತ್ತಿದ್ದಾರೆ. ಹೋಗಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲೇ ಹೇಳಿಬಿಡುತ್ತೇನೆ: ಹೋಗಬೇಡಿ. ಕಾರಣವನ್ನು ಮುಂದೆ ವಿವರಿಸಿದ್ದೇನೆ.

ಉಳಿದ ಪ್ರಶ್ನೆಗಳಿಗೆಲ್ಲ ಬೇರು ಒಂದೇ. ಬ್ಯಾಕೆಂಡ್ ಕೋಡನ್ನು, ಅಂದರೆ ಸರ್ವರಿನಲ್ಲಿ ಓಡಿ ಲೆಕ್ಕ ಮತ್ತು ದಾಖಲೆ ನೋಡಿಕೊಳ್ಳುವ ಕೋಡನ್ನು, ಬಳಕೆದಾರರು ಯಾರೂ ನೋಡುವುದಿಲ್ಲ. ಅವರ ಕಣ್ಣಿಗೆ ಬೀಳುವುದು ಖಾತೆಗೆ ಬಂದ ಹಣ, ತಮ್ಮ ಹೆಸರಿನ ಮುಂದಿರುವ ಅಂಕಿ. ಕರೆಂಟು ಹೋದರೂ, ನೆಟ್‌ವರ್ಕ್ ಕಡಿದರೂ, ಇಬ್ಬರು ಒಂದೇ ಕ್ಷಣದಲ್ಲಿ ಬಟನ್ ಒತ್ತಿದರೂ ಆ ಅಂಕಿ ಸರಿಯಾಗಿಯೇ ಇರಬೇಕು. ಆ ಹೊಣೆಯನ್ನು ನಂಬಿ ಯಾರ ಕೈಗೆ ಕೊಡಬಹುದೋ ಅವರೇ ಈ ವೃತ್ತಿಯಲ್ಲಿ ಮೇಲೇರುತ್ತಾರೆ. ಎಷ್ಟು ಫ್ರೇಮ್‌ವರ್ಕ್ ಗೊತ್ತು ಅನ್ನುವುದು ಆಮೇಲಿನ ಮಾತು.

ಹಾಗಾಗಿ ಸಪೋರ್ಟ್‌ನಲ್ಲಿ ಕಳೆದ ಎರಡು ವರ್ಷ ವ್ಯರ್ಥವಾಯಿತೆಂದು ಕೊರಗಬೇಡಿ. ಹೊಸದಾಗಿ ಸೇರಿದ ಡೆವಲಪರ್ ಎಷ್ಟೋ ತಿಂಗಳು ತನ್ನ ಕೋಡ್ ಮುರಿಯುವುದನ್ನೇ ನೋಡಿರುವುದಿಲ್ಲ, ನೀವು ದಿನಾ ನೋಡುತ್ತಿದ್ದೀರಿ. ಕಳೆದ ಮೂರು ತಿಂಗಳ ಟಿಕೆಟ್‌ಗಳನ್ನು ಒಂದು ಶೀಟಿಗೆ ಇಳಿಸಿ, ಕಾರಣದ ಪ್ರಕಾರ ಗುಂಪು ಮಾಡಿ. ನಾಲ್ಕೈದು ಕಾರಣಗಳೇ ಮತ್ತೆ ಮತ್ತೆ ಬಂದಿರುವುದು ಸಾಮಾನ್ಯ. ಅವುಗಳಲ್ಲಿ ಚಿಕ್ಕದೊಂದನ್ನು ಆರಿಸಿಕೊಂಡು, ಕೋಡ್ ಓದುವ ಅನುಮತಿ ಕೇಳಿ, ದೋಷ ಯಾವ ಫೈಲಿನ ಯಾವ ಸಾಲಿನಲ್ಲಿದೆ ಎಂದು ತೋರಿಸಿ. ತಿದ್ದುಪಡಿಯ ಜೊತೆ ಒಂದು ಟೆಸ್ಟನ್ನೂ ಬರೆದು ಡೆವಲಪ್‌ಮೆಂಟ್ ತಂಡದ ಮುಂದಿಡಿ. ಇಂಥ ಎರಡು ಮೂರು ತಿದ್ದುಪಡಿ ಒಳಗೆ ಹೋದ ಮೇಲೆ ತಂಡ ಬದಲಿಸಿಕೊಡಿ ಎಂದು ಕೇಳುವುದಕ್ಕೂ, ಸುಮ್ಮನೆ ಆಸೆ ಇದೆ ಎಂದು ಕೇಳುವುದಕ್ಕೂ ಬಹಳ ಅಂತರವಿದೆ. ಕಂಪನಿಯ ಒಳಗೇ ಬದಲಾಗುವುದು ಹೊರಗೆ ಹುಡುಕುವುದಕ್ಕಿಂತ ಸುಲಭ, ಏಕೆಂದರೆ ಅಲ್ಲಿನವರು ನಿಮ್ಮ ಕೆಲಸ ನೋಡಿರುತ್ತಾರೆ.

ಡೇಟಾಬೇಸಿನಲ್ಲಿ ನೇರವಾಗಿ ಸಾಲು ತಿದ್ದುತ್ತೀರಿ ಎಂದಿದ್ದೀರಿ. ಅದು ಅತಿ ಅಪಾಯದ ಕೆಲಸ, ಶಿಸ್ತು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗವೂ ಇಲ್ಲ. ಮೊದಲು ಟ್ರಾನ್ಸಾಕ್ಷನ್ ತೆರೆಯಿರಿ, ಅಂದರೆ ಒಟ್ಟಿಗೇ ಖಾಯಂ ಆಗುವ ಇಲ್ಲವೇ ಒಟ್ಟಿಗೇ ರದ್ದಾಗುವ ಬದಲಾವಣೆಗಳ ಗುಂಪು. ಬದಲಿಸುವ ಆದೇಶಕ್ಕೆ (ಅಪ್‌ಡೇಟ್) ಹಾಕಲಿರುವ ಷರತ್ತನ್ನೇ ಹಾಕಿ ಸೆಲೆಕ್ಟ್ ಮಾಡಿ, ಅಂದರೆ ಓದಿ, ಎಷ್ಟು ಸಾಲು ಬರುತ್ತವೆ ಎಂದು ಎಣಿಸಿ. ಹಳೆಯ ಮೌಲ್ಯಗಳನ್ನು ಟಿಕೆಟ್ ಸಂಖ್ಯೆಯೊಡನೆ ಬೇರೆ ಟೇಬಲ್ಲಿಗೆ ನಕಲು ಮಾಡಿ. ಆಮೇಲೆ ಅಪ್‌ಡೇಟ್. 3 ಸಾಲು ಬದಲಾಗಬೇಕಿದ್ದಲ್ಲಿ 3,000 ಎಂದು ಬಂದರೆ ಕಮಿಟ್ ಮಾಡಿ ಖಾಯಂಗೊಳಿಸದೆ, ರದ್ದುಮಾಡುವ ರೋಲ್‌ಬ್ಯಾಕ್ ಮಾಡಿ. ಕಮಿಟ್‌ಗೆ ಮುಂಚೆ ಇನ್ನೊಬ್ಬರ ಕಣ್ಣು ಬೀಳಲಿ, ಆದರೆ ಅವರಿಗಾಗಿ ಗಂಟೆಗಟ್ಟಲೆ ಟ್ರಾನ್ಸಾಕ್ಷನ್ ತೆರೆದಿಟ್ಟು ಕಾಯಬೇಡಿ. ಅಷ್ಟು ಹೊತ್ತೂ ಆ ಸಾಲುಗಳ ಬೀಗ ನಿಮ್ಮ ಕೈಯಲ್ಲೇ ಇರುತ್ತದೆ, ಅವನ್ನು ಬದಲಿಸಬೇಕಾದ ಬೇರೆ ಕೆಲಸಗಳೆಲ್ಲ ನಿಂತಿರುತ್ತವೆ.

ಭಾಷೆಯ ಪ್ರಶ್ನೆಗೆ ಉತ್ತರ ಚಿಕ್ಕದು. ನಿಮ್ಮ ಕಂಪನಿಯ ಕೋಡ್ ಯಾವ ಭಾಷೆಯಲ್ಲಿದೆಯೋ ಅದನ್ನೇ ಕಲಿಯಿರಿ. ಅದು ಜಾವಾ ಆಗಿದ್ದರೆ ಸ್ಪ್ರಿಂಗ್ ಬೂಟ್ ಎಂಬ ಫ್ರೇಮ್‌ವರ್ಕ್ ಜೊತೆಗೆ ಕಲಿಯಿರಿ, ಬ್ಯಾಂಕ್ ಮತ್ತು ವಿಮೆಯ ಕೆಲಸಗಳಲ್ಲಿ ಅದರ ಬಳಕೆ ದೊಡ್ಡದು. ಪೈಥಾನ್, ಗೋ, ನೋಡ್ ಯಾವುದಾದರೂ ಆಗಬಹುದು. ಒಂದು ಭಾಷೆ ಚೆನ್ನಾಗಿ ಬಂದವರು ಎರಡನೆಯದರಲ್ಲಿ ಕೆಲವೇ ವಾರಗಳಲ್ಲಿ ಕೆಲಸ ಮಾಡಬಲ್ಲರು. ಸಮಯವನ್ನು ಡೇಟಾಬೇಸಿಗೆ ಕೊಡಿ. ನನ್ನ ಅಭಿಪ್ರಾಯದಲ್ಲಿ ಮೊದಲ ವರ್ಷದ ಕಲಿಕೆಯ ಅರ್ಧ ಭಾಗ ಎಸ್‌ಕ್ಯೂಎಲ್ (ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆ), ಟ್ರಾನ್ಸಾಕ್ಷನ್ ಮತ್ತು ಇಂಡೆಕ್ಸ್‌ಗೇ (ಸಾಲುಗಳನ್ನು ಬೇಗ ಹುಡುಕಲು ಇಡುವ ಸೂಚಿ) ಹೋಗಬೇಕು. ಉಳಿದರ್ಧ ಲಿನಕ್ಸ್, ಎಚ್‌ಟಿಟಿಪಿ, ಗಿಟ್ ಮತ್ತು ಟೆಸ್ಟ್ ಬರೆಯುವುದಕ್ಕೆ.

ಅಭ್ಯಾಸಕ್ಕೆ ಟು-ಡು ಪಟ್ಟಿ, ಸಿನಿಮಾ ಟಿಕೆಟ್ ಬುಕಿಂಗ್ ಬೇಡ. ನಿಮ್ಮ ಊರಿನಲ್ಲೇ ದೊಡ್ಡ ರೇಷ್ಮೆಗೂಡು ಮಾರುಕಟ್ಟೆ ಇದೆ, ಇ-ಹರಾಜು ನಡೆಯುತ್ತದೆ. ಅದರಂಥದೇ ಒಂದು ಪುಟ್ಟ ವ್ಯವಸ್ಥೆಯನ್ನು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಮೇಲೆ ಕಟ್ಟಿ. ಬೆಳೆಗಾರ, ರೀಲರ್ (ಗೂಡು ಕೊಂಡು ನೂಲು ತೆಗೆಯುವವರು), ಲಾಟು (ಒಮ್ಮೆಗೆ ಹರಾಜಿಗಿಡುವ ಗೂಡಿನ ರಾಶಿ), ಬಿಡ್, ತೂಕ, ಪಾವತಿ ಎಂದು ಆರು ಟೇಬಲ್ ಸಾಕು. ಪರದೆ ಚೆಂದವಿರಬೇಕಾಗಿಲ್ಲ, ಎಪಿಐ (ಬೇರೆ ಪ್ರೋಗ್ರಾಮುಗಳು ಕರೆ ಮಾಡುವ ಬಾಗಿಲು) ಮಾತ್ರ ಇದ್ದರೂ ಆಯಿತು. ಬ್ಯಾಕೆಂಡ್‌ನ ಮುಖ್ಯ ಕಷ್ಟಗಳೆಲ್ಲ ಇದರಲ್ಲಿ ಎದುರಾಗುತ್ತವೆ.

ಮೊದಲನೆಯದು ಏಕಕಾಲದ ಬಿಡ್. ಒಂದು ಲಾಟಿನ ಮೇಲೆ ಈಗಿನ ಬೆಲೆ ಕಿಲೋಗೆ ₹412. ಇಬ್ಬರು ರೀಲರ್‌ಗಳು ಒಂದೇ ಕ್ಷಣದಲ್ಲಿ ₹415 ಎನ್ನುತ್ತಾರೆ. ನಿಮ್ಮ ಕೋಡ್ ಮೊದಲು ಬೆಲೆ ಓದಿ, 415 ಅದಕ್ಕಿಂತ ಹೆಚ್ಚೇ ಎಂದು ನೋಡಿ, ಆಮೇಲೆ ಬರೆಯುತ್ತದೆ ಅಂದುಕೊಳ್ಳಿ. ಇಬ್ಬರ ಕೋರಿಕೆಗಳೂ 412 ಎಂದೇ ಓದುತ್ತವೆ, ಇಬ್ಬರಿಗೂ ನೀವೇ ಮುಂದಿದ್ದೀರಿ ಎಂದು ಉತ್ತರ ಹೋಗುತ್ತದೆ. ಟ್ರಾನ್ಸಾಕ್ಷನ್ ಒಳಗೆ ಹಾಕಿದ್ದೇನಲ್ಲ ಎನ್ನಬೇಡಿ. ಪೋಸ್ಟ್‌ಗ್ರೆಸ್‌ನಲ್ಲಿ ನೀವು ಏನೂ ಬದಲಿಸದಿದ್ದರೆ ಇರುವ ಐಸೊಲೇಶನ್ ಮಟ್ಟ (ಏಕಕಾಲದ ಟ್ರಾನ್ಸಾಕ್ಷನ್‌ಗಳನ್ನು ಎಷ್ಟು ಬೇರ್ಪಡಿಸಬೇಕು ಎಂಬ ನಿಯಮ) ರೀಡ್ ಕಮಿಟೆಡ್, ಅದು ಈ ತಪ್ಪನ್ನು ತಡೆಯುವುದಿಲ್ಲ. ಪರಿಹಾರ ಎರಡು. ಲಾಟಿನ ಸಾಲನ್ನು ಸೆಲೆಕ್ಟ್ ಫಾರ್ ಅಪ್‌ಡೇಟ್ ಎಂದು ಬೀಗ ಹಾಕಿ ಓದಬಹುದು. ಇಲ್ಲವೇ ಓದುವುದನ್ನೂ ಬರೆಯುವುದನ್ನೂ ಒಂದೇ ಅಪ್‌ಡೇಟ್‌ಗೆ ಸೇರಿಸಬಹುದು: ಲಾಟು ತೆರೆದಿದ್ದರೆ ಮತ್ತು ಈಗಿನ ಬೆಲೆ 415ಕ್ಕಿಂತ ಕಡಿಮೆ ಇದ್ದರೆ ಮಾತ್ರ 415 ಮಾಡು. ಎರಡನೆಯವರ ಅಪ್‌ಡೇಟ್ ಮೊದಲನೆಯದು ಮುಗಿಯುವವರೆಗೆ ಕಾದು, ಷರತ್ತನ್ನು ಮತ್ತೆ ಪರೀಕ್ಷಿಸಿ, 0 ಸಾಲು ಬದಲಾಯಿತು ಎನ್ನುತ್ತದೆ. ಆ ಸೊನ್ನೆಯನ್ನು ನೋಡಿ ಬೆಲೆ ಏರಿದೆ ಎಂದು ಉತ್ತರ ಕೊಡಿ. ಸರಿಯಾಗಿದೆಯೇ ಎಂದು ತಿಳಿಯಲು ಒಂದೇ ಲಾಟಿನ ಮೇಲೆ 100 ಬಿಡ್‌ಗಳನ್ನು ಒಟ್ಟಿಗೆ ಎಸೆಯುವ ಸ್ಕ್ರಿಪ್ಟ್ ಬರೆಯಿರಿ. ಒಂದೊಂದಾಗಿ ಪರೀಕ್ಷಿಸಿದರೆ ಈ ದೋಷ ಎಂದೂ ಕಾಣುವುದಿಲ್ಲ. ಹರಾಜು ಮುಗಿಯುವ ಸಮಯವನ್ನು ಸರ್ವರ್ ಗಡಿಯಾರದಿಂದಲೇ ತೀರ್ಮಾನಿಸಿ, ಫೋನಿನ ಗಡಿಯಾರವನ್ನು ಯಾರು ಬೇಕಾದರೂ ತಿರುಗಿಸಬಹುದು. ಸಮಯವನ್ನು ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇಟ್ಟು, ತೋರಿಸುವಾಗ ಮಾತ್ರ ಐದೂವರೆ ಗಂಟೆ ಕೂಡಿಸಿ.

ಎರಡನೆಯದು ಹಣ. ಫ್ಲೋಟ್‌ನಲ್ಲಿ ಹಣ ಇಡಬಾರದು, ಅದು ದಶಮಾಂಶವನ್ನು ಅಂದಾಜಾಗಿ ಇಡುವ ಸಂಖ್ಯಾ ವಿಧ, ಅಲ್ಲಿ 0.1 ಮತ್ತು 0.2 ಕೂಡಿದರೆ 0.30000000000000004 ಬರುತ್ತದೆ. ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ, ತೂಕವನ್ನು ಗ್ರಾಂನಲ್ಲಿ ಇಡಿ. ಸಾಮಾನ್ಯ 32 ಬಿಟ್ ಪೂರ್ಣಾಂಕದಲ್ಲಿ ಹಿಡಿಸುವುದು 214,74,83,647 ಪೈಸೆ, ಅಂದರೆ ಎರಡು ಕೋಟಿ ಹದಿನೈದು ಲಕ್ಷ ರೂಪಾಯಿಗೂ ಸ್ವಲ್ಪ ಕಡಿಮೆ. ಲಾಟುಗಳ ಮೊತ್ತ ಕೂಡುತ್ತಾ ಹೋದರೆ ಅದನ್ನು ದಾಟುವುದು ದೊಡ್ಡ ಮಾತಲ್ಲ, ಆದ್ದರಿಂದ 64 ಬಿಟ್‌ನ ಬಿಗ್‌ಇಂಟ್ ಬಳಸಿ. ಇಷ್ಟು ಮಾಡಿದರೂ ಒಂದು ತೊಡಕು ಉಳಿಯುತ್ತದೆ. 37.450 ಕಿಲೋ ಗೂಡು ಕಿಲೋಗೆ ₹412.50ರಂತೆ ₹15,448.125 ಆಗುತ್ತದೆ. ಆ ಅರ್ಧ ಪೈಸೆ ಯಾರದು? ಪ್ರತಿ ಲಾಟಿಗೆ ಒಮ್ಮೆ ಮಾತ್ರ ಪೂರ್ಣಗೊಳಿಸಬೇಕು, ಬೆಳೆಗಾರರಿಗೆ ಕೊಡುವ ಮೊತ್ತವನ್ನೂ ರೀಲರ್ ಕಟ್ಟುವ ಮೊತ್ತವನ್ನೂ ಆ ಒಂದೇ ಸಂಖ್ಯೆಯಿಂದ ಹುಟ್ಟಿಸಬೇಕು, ನಿಯಮವನ್ನು ಬರೆದಿಡಬೇಕು. ಎರಡು ಕಡೆ ಬೇರೆ ಬೇರೆಯಾಗಿ ಲೆಕ್ಕ ಹಾಕಿದರೆ ದಿನದ ಕೊನೆಗೆ ಕೆಲವು ರೂಪಾಯಿ ತಾಳೆಯಾಗುವುದಿಲ್ಲ, ಅದನ್ನು ಹುಡುಕುವುದಕ್ಕೆ ಯಾರೋ ರಾತ್ರಿಯೆಲ್ಲ ಕೂರಬೇಕು. ಲೆಡ್ಜರ್‌ನಲ್ಲಿ ಪ್ರತಿ ವ್ಯವಹಾರಕ್ಕೂ ಜಮೆ ಖರ್ಚು ಎರಡೂ ಇರಲಿ, ಕೂಡಿದರೆ ಸೊನ್ನೆ ಬರಲಿ. ಬರೆದ ಸಾಲನ್ನು ಎಂದೂ ತಿದ್ದಬೇಡಿ. ತಪ್ಪಾಗಿದ್ದರೆ ಅದನ್ನು ರದ್ದುಮಾಡುವ ಇನ್ನೊಂದು ಸಾಲು ಬರೆಯಿರಿ.

ಮೂರನೆಯದು ಪಾವತಿ, ಹೊಸಬರು ಹೆಚ್ಚು ಎಡವುವ ಜಾಗ. ಬೆಳೆಗಾರರ ಖಾತೆಗೆ ಹಣ ಹಾಕಲು ಬ್ಯಾಂಕಿನ ಎಪಿಐಗೆ ಕರೆ ಮಾಡಿದಿರಿ, 30 ಸೆಕೆಂಡು ಕಾದರೂ ಉತ್ತರ ಬರಲಿಲ್ಲ. ಹಣ ಹೋಯಿತೇ? ನಿಮಗೆ ಗೊತ್ತಿಲ್ಲ. ವಿಫಲ ಎಂದು ಬರೆದು ಹೊಸ ಕೋರಿಕೆ ಕಳಿಸಿದರೆ ಎರಡು ಸಲ ಹಣ ಹೋಗಬಹುದು, ಆಯಿತು ಎಂದು ಬರೆದರೆ ಒಮ್ಮೆಯೂ ಹೋಗದಿರಬಹುದು. ಗೊತ್ತಿಲ್ಲ ಅನ್ನುವುದನ್ನೂ ಒಂದು ಸ್ಥಿತಿಯಾಗಿ ಟೇಬಲ್ಲಿನಲ್ಲಿ ಇಡಲೇಬೇಕು. ಕರೆ ಮಾಡುವ ಮುಂಚೆಯೇ ಪಾವತಿಗೆ ಒಂದು ವಿಶಿಷ್ಟ ಸಂಖ್ಯೆ ಹುಟ್ಟಿಸಿ, ಅದೇ ಸಂಖ್ಯೆ ಎರಡನೇ ಸಲ ಸೇರದಂತೆ ಅದರ ಮೇಲೆ ಯುನೀಕ್ ಕನ್‌ಸ್ಟ್ರೇಂಟ್ ಹಾಕಿ ಉಳಿಸಿ. ಉತ್ತರ ಬಾರದಿದ್ದರೆ ಅದೇ ಸಂಖ್ಯೆ ಹಿಡಿದು ಸ್ಥಿತಿ ವಿಚಾರಿಸಿ, ಮತ್ತೆ ಕಳಿಸುವುದಾದರೂ ಅದೇ ಸಂಖ್ಯೆಯಿಂದ ಕಳಿಸಿ. ದಿನಕ್ಕೊಮ್ಮೆ ಬ್ಯಾಂಕಿನ ಸ್ಟೇಟ್‌ಮೆಂಟ್ ಜೊತೆ ನಿಮ್ಮ ಟೇಬಲ್ ತಾಳೆ ನೋಡುವ ಪ್ರೋಗ್ರಾಮೂ ಇರಬೇಕು.

ಇದಕ್ಕೆ ಹೊಂದಿಕೊಂಡ ಇನ್ನೊಂದು ತಪ್ಪು, ಡೇಟಾಬೇಸ್ ಟ್ರಾನ್ಸಾಕ್ಷನ್ ಒಳಗಿನಿಂದಲೇ ಬ್ಯಾಂಕಿಗೆ ಕರೆ ಮಾಡುವುದು. ಸ್ಪ್ರಿಂಗ್ ಬೂಟ್‌ನ ಜೊತೆ ಬರುವ, ಡೇಟಾಬೇಸ್ ಸಂಪರ್ಕಗಳನ್ನು ತೆರೆದಿಟ್ಟು ಹಂಚುವ ಹಿಕಾರಿ ಪೂಲ್‌ನಲ್ಲಿ ನೀವು ಬದಲಿಸದಿದ್ದರೆ ಇರುವುದು 10 ಸಂಪರ್ಕ. ಬ್ಯಾಂಕು ನಿಧಾನವಾಗಿ ಪ್ರತಿ ಕರೆಯೂ 30 ಸೆಕೆಂಡು ಹಿಡಿದರೆ ಹತ್ತೂ ಸಂಪರ್ಕಗಳು ಸಿಕ್ಕಿಹಾಕಿಕೊಂಡು, ಇಡೀ ವ್ಯವಸ್ಥೆ ನಿಮಿಷಕ್ಕೆ 20 ಕೋರಿಕೆಗೆ ಇಳಿಯುತ್ತದೆ. ಪಾವತಿಗೆ ಸಂಬಂಧವೇ ಇಲ್ಲದ ಲಾಟು ಪಟ್ಟಿಯೂ ತೆರೆಯುವುದಿಲ್ಲ. ಪೂಲನ್ನು 200ಕ್ಕೆ ಏರಿಸೋಣ ಎನ್ನುವವರು ಸಿಗುತ್ತಾರೆ, ಆದರೆ ಪೋಸ್ಟ್‌ಗ್ರೆಸ್‌ ಸ್ಥಾಪಿಸಿದಾಗ ಅದು ಒಪ್ಪುವ ಸಂಪರ್ಕಗಳು ಒಟ್ಟು 100. ಕರೆಯನ್ನು ಟ್ರಾನ್ಸಾಕ್ಷನ್‌ನಿಂದ ಹೊರಗೆ ತರುವುದೇ ಸರಿಯಾದ ಪರಿಹಾರ. ಕಳಿಸಬೇಕು ಎಂಬ ಸಾಲನ್ನು ಟ್ರಾನ್ಸಾಕ್ಷನ್ ಒಳಗೆ ಬರೆದು ಕಮಿಟ್ ಮಾಡಿ, ಹಿನ್ನೆಲೆಯಲ್ಲಿ ಓಡುವ ಬೇರೊಂದು ಪ್ರೋಗ್ರಾಂ (ವರ್ಕರ್) ಅದನ್ನು ಎತ್ತಿಕೊಂಡು ಕರೆ ಮಾಡಲಿ. ಮರುಪ್ರಯತ್ನದಲ್ಲೂ ಎಚ್ಚರ ಬೇಕು. ಒಂದರ ಕೆಳಗೊಂದು ಮೂರು ಸೇವೆಗಳಿದ್ದು ಪ್ರತಿಯೊಂದೂ ಮೂರು ಸಲ ಪ್ರಯತ್ನಿಸಿದರೆ, ಬಳಕೆದಾರರ ಒಂದು ಕ್ಲಿಕ್ ಆ ಮೂರರ ಕೆಳಗಿರುವ ಬ್ಯಾಂಕಿಗೆ 27 ಕರೆಗಳಾಗಿ ಬೀಳುತ್ತದೆ. ಮೊದಲೇ ಕುಸಿಯುತ್ತಿರುವುದನ್ನು ಇದು ಪೂರ್ತಿ ಕೆಡವುತ್ತದೆ. ಒಂದೇ ಪದರದಲ್ಲಿ ಮರುಪ್ರಯತ್ನ ಇಡಿ, ನಡುವಿನ ಕಾಯುವಿಕೆ 1, 2, 4 ಸೆಕೆಂಡು ಎಂದು ಬೆಳೆಯಲಿ, ಅದರಲ್ಲಿ ಸ್ವಲ್ಪ ಯಾದೃಚ್ಛಿಕ ಏರುಪೇರೂ ಇರಲಿ. ಇಲ್ಲದಿದ್ದರೆ ಎಲ್ಲರೂ ಮತ್ತೆ ಒಂದೇ ಕ್ಷಣಕ್ಕೆ ನುಗ್ಗುತ್ತಾರೆ.

ಹೆಸರುಗಳನ್ನು ಕನ್ನಡದಲ್ಲೇ ಇಡಿ. ನಮ್ಮ ಜನರಿಗೆ ಕಟ್ಟುವ ವ್ಯವಸ್ಥೆಯಲ್ಲಿ ಅವರ ಹೆಸರು ಅವರ ಲಿಪಿಯಲ್ಲಿ ಸರಿಯಾಗಿ ನಿಲ್ಲಬೇಕು. ಶ್ರೀನಿವಾಸ ಎಂಬುದು ಕಣ್ಣಿಗೆ ನಾಲ್ಕು ಅಕ್ಷರ, ಯುನಿಕೋಡ್‌ನಲ್ಲಿ 9 ಸಂಕೇತ, ಯುಟಿಎಫ್-8ರಲ್ಲಿ 27 ಬೈಟ್. 20 ಬೈಟಿಗೆ ಕತ್ತರಿಸುವ ಕೋಡ್ ಒಂದು ಸಂಕೇತವನ್ನು ನಡುವೆಯೇ ಸೀಳಿ ಪ್ರಶ್ನಾರ್ಥಕ ಚಿಹ್ನೆ ಮುದ್ರಿಸುತ್ತದೆ. ಇನ್ನೊಂದು ಸಂಗತಿ ಹಲವರಿಗೆ ತಿಳಿದಿಲ್ಲ. ದೀರ್ಘ ಈಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ನೋಡಲು ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ, ಹಾಗಾಗಿ ಹುಡುಕಿದರೆ ಹೆಸರು ಸಿಗುವುದಿಲ್ಲ. ಉಳಿಸುವ ಮುಂಚೆ ಯುನಿಕೋಡ್‌ನ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದರೆ ತೀರಿತು.

ಇನ್ನು ವೇಗ. ಬಿಡ್ ಟೇಬಲ್ಲಿಗೆ 10 ಲಕ್ಷ ಸಾಲು ತುಂಬಿಸಿ, ಒಂದು ಲಾಟಿನ ಅತಿ ಹೆಚ್ಚಿನ ಬಿಡ್ ಕೇಳಿ, ಆ ಪ್ರಶ್ನೆ ಹೇಗೆ ಓಡಿತು ಎಂದು ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್ ಏನು ಹೇಳುತ್ತದೆ ಎಂದು ಓದಿ. ಲಾಟು, ಬೆಲೆ ಎಂಬ ಕ್ರಮದಲ್ಲಿ ಇಂಡೆಕ್ಸ್ ಹಾಕಿ ಮತ್ತೆ ಓದಿ, ಕ್ರಮ ತಿರುಗಿಸಿ ಇನ್ನೊಮ್ಮೆ ಓದಿ. ಏಕೆ ವ್ಯತ್ಯಾಸ ಬಂತು ಎಂದು ಯಾರಿಗಾದರೂ ವಿವರಿಸಲು ಬಂದರೆ ಇಂಡೆಕ್ಸ್ ಅರ್ಥವಾಗಿದೆ ಎಂದು ತಿಳಿಯಿರಿ. ಓಡುತ್ತಿರುವ ವ್ಯವಸ್ಥೆಯ ಮೇಲೆ ಇಂಡೆಕ್ಸ್ ಹಾಕುವಾಗ ಕನ್‌ಕರೆಂಟ್ಲಿ ಎಂಬ ಪದ ಸೇರಿಸಬೇಕು, ಇಲ್ಲದಿದ್ದರೆ ಅದು ಮುಗಿಯುವವರೆಗೆ ಆ ಟೇಬಲ್ಲಿಗೆ ಯಾರೂ ಬರೆಯಲಾರರು. ಟೇಬಲ್ಲಿನ ರಚನೆ ಬದಲಿಸುವ ಆಲ್ಟರ್ ಟೇಬಲ್ ಆದೇಶ ಇನ್ನೂ ಅಪಾಯಕರ. ಯಾರದೋ ಉದ್ದನೆಯ ವರದಿ ಓಡುತ್ತಿದ್ದರೆ ಅದರ ಹಿಂದೆ ನಿಮ್ಮ ಆಲ್ಟರ್ ಕಾಯುತ್ತದೆ, ನಿಮ್ಮ ಆಲ್ಟರ್ ಹಿಂದೆ ಊರೆಲ್ಲ ಕಾಯುತ್ತದೆ. ಬೀಗಕ್ಕಾಗಿ ಕಾಯುವ ಮಿತಿಯನ್ನು (ಲಾಕ್ ಟೈಮೌಟ್) 2 ಸೆಕೆಂಡಿಗೆ ಇಟ್ಟು, ಸಿಗದಿದ್ದರೆ ಬಿಟ್ಟು ಮತ್ತೆ ಪ್ರಯತ್ನಿಸಿ.

ಕೊನೆಗೆ ಬ್ಯಾಕಪ್ ತೆಗೆದು, ಬೇರೆ ಖಾಲಿ ಯಂತ್ರದಲ್ಲಿ ಅದನ್ನು ಮರಳಿ ಹಾಕಿ, ಸಾಲು ಎಣಿಸಿ, ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಿ. ಮರಳಿ ಹಾಕಿ ನೋಡದ ಬ್ಯಾಕಪ್ಪನ್ನು ಇದೆ ಎಂದು ಲೆಕ್ಕಕ್ಕೆ ಹಿಡಿಯಬಾರದು. 2017ರ ಜನವರಿ 31ರಂದು, ಕೋಡ್ ಇಡುವ ಸೇವೆ ನಡೆಸುವ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು ಎರಡನೇ ಸರ್ವರ್ ಎಂದುಕೊಂಡು ಮುಖ್ಯ ಡೇಟಾಬೇಸ್ ಸರ್ವರಿನ ಫೈಲುಗಳನ್ನು ಅಳಿಸಿದರು. ದಿನನಿತ್ಯದ ಬ್ಯಾಕಪ್ ಅದಕ್ಕೂ ಮುಂಚಿನಿಂದಲೇ ವಿಫಲವಾಗುತ್ತಿತ್ತು, ಏಕೆಂದರೆ ಬ್ಯಾಕಪ್ ಉಪಕರಣದ ಆವೃತ್ತಿ ಡೇಟಾಬೇಸಿನದಕ್ಕಿಂತ ಹಳೆಯದು. ವಿಫಲವಾಗಿದೆ ಎಂದು ತಿಳಿಸುವ ಇಮೇಲ್ ಕೂಡ ತಲುಪುತ್ತಿರಲಿಲ್ಲ. ಸುಮಾರು 6 ಗಂಟೆ ಮುಂಚೆ ಕೈಯಾರೆ ತೆಗೆದಿದ್ದ ಒಂದು ಪ್ರತಿ ಇದ್ದದ್ದರಿಂದ ಅಷ್ಟು ಹೊತ್ತಿನ ಡೇಟಾ ಮಾತ್ರ ಹೋಯಿತು. ಸಂಸ್ಥೆ ಇದೆಲ್ಲವನ್ನೂ ಬಹಿರಂಗವಾಗಿ ಬರೆದಿತು, ಅಳಿಸಿದವರ ಮೇಲೆ ದೂರು ಹೊರಿಸದೆ ಯಾವ ಯಾವ ತಡೆ ಇರಲಿಲ್ಲ ಎಂದು ಪಟ್ಟಿ ಮಾಡಿತು. ಅವಘಡದ ವರದಿ ಬರೆಯಬೇಕಾದ ರೀತಿ ಅದು: ಯಾವಾಗ ಏನಾಯಿತು, ಯಾರಿಗೆ ತೊಂದರೆಯಾಯಿತು, ಏಕೆ ಬೇಗ ಗೊತ್ತಾಗಲಿಲ್ಲ, ಮುಂದೆ ಯಾವ ಬದಲಾವಣೆ ಯಾರು ಯಾವ ದಿನಾಂಕದೊಳಗೆ ಮಾಡುತ್ತಾರೆ.

ಎಐ ಸಹಾಯಕಗಳು ಈಗ ಕೋಡ್ ಬರೆದುಕೊಡುತ್ತವೆ, ಬಳಸಿ. ಆದರೆ ಮೇಲೆ ಹೇಳಿದ ಏಕಕಾಲದ ಬಿಡ್, ಗೊತ್ತಿಲ್ಲದ ಪಾವತಿ, ಟ್ರಾನ್ಸಾಕ್ಷನ್ ಒಳಗಿನ ಕರೆ, ಇವನ್ನು ಹಿಡಿಯುವ ಕಣ್ಣು ನಿಮ್ಮದಾಗಿರಬೇಕು. ವಿವರಿಸಲು ಬಾರದ ಒಂದು ಸಾಲನ್ನೂ ನಿಮ್ಮ ಹೆಸರಿನಲ್ಲಿ ಒಳಗೆ ಸೇರಿಸಬೇಡಿ.

ದಾರಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದೀರಿ. ಪದನಾಮಗಳು ಕಂಪನಿಯಿಂದ ಕಂಪನಿಗೆ ಬೇರೆ, ಅವುಗಳ ಹಿಂದಿನ ಕೆಲಸ ಮಾತ್ರ ಹೆಚ್ಚುಕಡಿಮೆ ಒಂದೇ. ಮೊದಲ ಎರಡು ಮೂರು ವರ್ಷ ಏನು ಮಾಡಬೇಕೆಂದು ಬೇರೆಯವರು ಹೇಳುತ್ತಾರೆ, ನೀವು ಸರಿಯಾಗಿ ಮಾಡುತ್ತೀರಿ. ಆಮೇಲೆ ಒಂದು ಇಡೀ ಸೇವೆ ನಿಮ್ಮ ಕೈಗೆ ಬರುತ್ತದೆ, ಅದರ ಎಚ್ಚರಿಕೆ ಗಂಟೆಗಳು, ಖರ್ಚು, ಹಳೆಯ ಕೋಡ್ ಎಲ್ಲವೂ ನಿಮ್ಮವೇ. ಸೀನಿಯರ್ ಎಂಬ ಮಾತು ನಿಜವಾಗಿ ಸಲ್ಲುವುದು ಸಮಸ್ಯೆ ಏನೆಂದೇ ಸ್ಪಷ್ಟವಿಲ್ಲದಾಗ ಅದನ್ನು ಸ್ಪಷ್ಟಪಡಿಸಿ, ಎರಡು ಮೂರು ದಾರಿ ಬರೆದು, ಯಾವುದನ್ನು ಏಕೆ ಬಿಟ್ಟಿರಿ ಎಂದು ಹೇಳಬಲ್ಲವರಿಗೆ. ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಸ್ಟಾಫ್ ಎಂಜಿನಿಯರ್, ಆರ್ಕಿಟೆಕ್ಟ್ ಎಂದು ಹಲವು ತಂಡಗಳ ತಾಂತ್ರಿಕ ತೀರ್ಮಾನ ನೋಡಬಹುದು, ಮ್ಯಾನೇಜರ್ ಆಗಿ ಜನರನ್ನು ಬೆಳೆಸಬಹುದು. ಎರಡೂ ಗೌರವದ ಕೆಲಸ, ಮ್ಯಾನೇಜರ್ ಆಗುವುದೊಂದೇ ಬಡ್ತಿ ಎಂದು ಮನೆಯವರು ತಿಳಿದಿದ್ದರೆ ವಿವರಿಸಿ ಹೇಳಿ. ಸರ್ವೀಸ್ ಕಂಪನಿಗಳಲ್ಲಿ ಟೀಮ್ ಲೀಡ್ ಪಟ್ಟ ಬೇಗ ಬರುತ್ತದೆ, ಜೊತೆಗೆ ಕೋಡ್ ಕೈಬಿಡುತ್ತದೆ. ನಾಲ್ಕನೇ ವರ್ಷಕ್ಕೇ ದಿನವೆಲ್ಲ ಸ್ಟೇಟಸ್ ಶೀಟ್ ತುಂಬುವುದಾದರೆ, ಆ ಪಟ್ಟ ಬೇಡ ಎನ್ನುವುದೇ ನಿಮ್ಮಂಥವರಿಗೆ ಲೇಸು.

ಈ ಹಂತಗಳಲ್ಲಿ ಮೇಲೇರಲು ಬರವಣಿಗೆ ಬೇಕೇಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿಗೆ ಅಂಜುವವರು ನಮ್ಮ ಜಿಲ್ಲೆಗಳಲ್ಲಿ ಬಹಳ ಮಂದಿ ಇದ್ದಾರೆ. ವಿನ್ಯಾಸದ ಟಿಪ್ಪಣಿಗೆ ಅಲಂಕಾರದ ಇಂಗ್ಲಿಷ್ ಬೇಡ. ಸಮಸ್ಯೆ ಏನು, ಈಗ ಹೇಗಿದೆ, ಏನು ಬದಲಿಸುತ್ತೇವೆ, ಏನು ಕೆಡಬಹುದು, ಕೆಟ್ಟರೆ ಹಿಂದಕ್ಕೆ ಹೇಗೆ ಹೋಗುತ್ತೇವೆ, ಇವಿಷ್ಟನ್ನು ಚಿಕ್ಕ ವಾಕ್ಯಗಳಲ್ಲಿ ಎರಡು ಪುಟ ಬರೆಯಿರಿ. ಮೊದಲು ಕನ್ನಡದಲ್ಲಿ ಯೋಚಿಸಿ ಬರೆದುಕೊಂಡರೂ ಅಡ್ಡಿಯಿಲ್ಲ, ತರ್ಕ ಗಟ್ಟಿಯಾಗಿದ್ದರೆ ಭಾಷೆ ಹಿಂದೆ ಬರುತ್ತದೆ.

ಒಳ್ಳೆಯ ಎಂಜಿನಿಯರ್ ಯಾರು ಎಂಬುದಕ್ಕೆ ಬ್ರಿಟನ್ನಿನ ಪೋಸ್ಟ್ ಆಫೀಸ್ ಎಂಬ ಸರ್ಕಾರಿ ಸಂಸ್ಥೆಯ ಹೊರೈಜನ್ ಪ್ರಕರಣವನ್ನು ಪ್ರತಿಯೊಬ್ಬ ಬ್ಯಾಕೆಂಡ್ ಎಂಜಿನಿಯರೂ ಓದಬೇಕು. ಫುಜಿತ್ಸು ಕಂಪನಿಯ ಆ ಲೆಕ್ಕಪತ್ರ ತಂತ್ರಾಂಶ 1999ರಿಂದ ಅಲ್ಲಿನ ಶಾಖೆಗಳಿಗೆ ಬಂತು. ಅದರ ದೋಷದಿಂದ ಇಲ್ಲದ ಕೊರತೆ ತೋರಿಸಿತು, ಶಾಖೆ ನಡೆಸುತ್ತಿದ್ದವರು ಹಣ ಕದ್ದರು ಎಂದು ಮೊಕದ್ದಮೆ ಹೂಡಲಾಯಿತು. 900ಕ್ಕೂ ಹೆಚ್ಚು ಜನ ವಿಚಾರಣೆಗೆ ಗುರಿಯಾದರು, ಹಲವರು ಜೈಲಿಗೆ ಹೋದರು. ದೂರದಿಂದ ಶಾಖೆಯ ಲೆಕ್ಕವನ್ನು ಬದಲಿಸಲು ಸಾಧ್ಯವಿತ್ತು, ಹಾಗಿಲ್ಲ ಎಂದೇ ಬಹಳ ಕಾಲ ಹೇಳಲಾಯಿತು. 2019ರಲ್ಲಿ ಹೈಕೋರ್ಟ್ ತಂತ್ರಾಂಶದಲ್ಲಿ ದೋಷಗಳಿದ್ದವು ಎಂದು ತೀರ್ಪು ಕೊಟ್ಟಿತು, 2024ರಲ್ಲಿ ಸಂಸತ್ತು ಕಾನೂನು ಮಾಡಿ ಆ ಶಿಕ್ಷೆಗಳಲ್ಲಿ ಹಲವನ್ನು ರದ್ದುಮಾಡಿತು. ಅಷ್ಟರಲ್ಲಿ ಎಷ್ಟೋ ಬದುಕುಗಳು ಹಾಳಾಗಿದ್ದವು.

ನಾನು ಮೇಲೆ ಲೆಡ್ಜರ್ ಸಾಲು ತಿದ್ದಬೇಡಿ ಎಂದದ್ದೂ, ನೇರ ತಿದ್ದುಪಡಿಗೆ ಟಿಕೆಟ್ ಸಂಖ್ಯೆ ಮತ್ತು ಹಳೆಯ ಮೌಲ್ಯ ಉಳಿಸಿ ಎಂದದ್ದೂ ಇದಕ್ಕಾಗಿಯೇ. ಕಂಪ್ಯೂಟರ್ ಹೇಳುತ್ತದೆ ಎಂಬ ಮಾತಿಗೆ ಬಡವರು ಎದುರಾಡುವುದು ಕಷ್ಟ. ಗೂಡು ಮಾರಿದ ಬೆಳೆಗಾರರೊಬ್ಬರು ನನಗೆ ₹600 ಕಡಿಮೆ ಬಂದಿದೆ ಎಂದರೆ, ಯಾವ ತೂಕ, ಯಾವ ಬೆಲೆ, ಯಾವ ಕಡಿತ, ಯಾರು ಯಾವಾಗ ಬದಲಿಸಿದರು ಎಂದು ಸಾಲು ಸಾಲಾಗಿ ತೋರಿಸಲು ವ್ಯವಸ್ಥೆಗೆ ಬರಬೇಕು. ಬಾರದಿದ್ದರೆ ಅವರ ಮಾತನ್ನೇ ಮೊದಲು ನಂಬಿ ಹುಡುಕಬೇಕು. ದೋಷ ಗೊತ್ತಿದ್ದೂ ಬಿಡುಗಡೆಯ ದಿನ ಹತ್ತಿರವಿದೆ ಎಂದು ಸುಮ್ಮನಿರಲು ಯಾರಾದರೂ ಹೇಳಿದರೆ, ದೋಷ ಏನು, ಯಾರಿಗೆ ಎಷ್ಟು ನಷ್ಟವಾಗಬಹುದು ಎಂದು ಇಮೇಲ್‌ನಲ್ಲಿ ಬರೆದು ಕಳಿಸಿ. ಮಾತಿನಲ್ಲಿ ಹೇಳಿದ್ದು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಖಾಸಗಿ ಮಾಹಿತಿಯ ವಿಷಯದಲ್ಲಿ ಕಾನೂನು ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ತಕ್ಕ ಭದ್ರತೆ ಇಡದ ಸಂಸ್ಥೆಗೆ ₹250 ಕೋಟಿವರೆಗೆ ದಂಡ ಹಾಕಲು ಅವಕಾಶವಿದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ಆದೇಶದಂತೆ ಸೈಬರ್ ಅವಘಡವನ್ನು 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ಕಾನೂನು ಇರಲಿ ಬಿಡಲಿ, ಆಧಾರ್ ಸಂಖ್ಯೆ, ಪಾಸ್‌ವರ್ಡ್, ಒಟಿಪಿ ಲಾಗ್‌ಗೆ ಹೋಗಬಾರದು. ಕೋರಿಕೆಯನ್ನು ಇಡಿಯಾಗಿ ಲಾಗ್ ಮಾಡುವ ಅಭ್ಯಾಸದಿಂದಲೇ ಇವು ಸೋರುವುದು ಹೆಚ್ಚು. ಪ್ರೊಡಕ್ಷನ್ ಡೇಟಾವನ್ನು ಪರೀಕ್ಷೆಗೆಂದು ಲ್ಯಾಪ್‌ಟಾಪಿಗೆ ಇಳಿಸಬೇಡಿ. ನಿಮ್ಮ ಕೈಯಲ್ಲಿರುವ ಅನುಮತಿ ಬಳಸಿ ಪರಿಚಯದವರ ದಾಖಲೆ ನೋಡಿ ಹೇಳು ಎಂದು ಊರಿನವರು ಕೇಳಿದರೂ ಒಪ್ಪಬೇಡಿ.

ಊರಲ್ಲಿದ್ದು ಕೆಲಸ ಮಾಡುವ ಬಗ್ಗೆ: ವಾರದಲ್ಲಿ ಎರಡು ಮೂರು ದಿನ ಮಾತ್ರ ಕಚೇರಿ ಕೇಳುವ ಕಂಪನಿಗಳು ಇವೆ, ಆದರೆ ಸೇರುವ ಮುಂಚೆ ಅದನ್ನು ಆಫರ್ ಪತ್ರದಲ್ಲೋ ಇಮೇಲ್‌ನಲ್ಲೋ ಬರೆಸಿಕೊಳ್ಳಿ. ಬ್ಯಾಕೆಂಡ್ ತಂಡಗಳಲ್ಲಿ ಸರದಿಯ ಮೇಲೆ ಆನ್-ಕಾಲ್ ಬರುತ್ತದೆ, ಎಚ್ಚರಿಕೆ ಬಂದ 10-15 ನಿಮಿಷದಲ್ಲಿ ಲ್ಯಾಪ್‌ಟಾಪ್ ಮುಂದೆ ಕೂರಬೇಕು. ಮನೆಯಲ್ಲಿ ಫೈಬರ್ ಇದ್ದರೂ ಬೇರೆ ಕಂಪನಿಯ ಸಿಮ್ ಇಟ್ಟುಕೊಳ್ಳಿ. ಕರೆಂಟು ಹೋದಾಗ ಮೊದಲು ಸಾಯುವುದು ರೌಟರ್, ಅದಕ್ಕೆ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ, ನಿಮ್ಮ ರೌಟರಿನ ವೋಲ್ಟ್ ನೋಡಿ ಕೊಳ್ಳಿ. ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನಗಳಲ್ಲಿ ಮನೆಗೆ ನಿಮ್ಮ ಕೈ ಬೇಕಾಗುತ್ತದೆ. ಚಾಕಿ ಕಟ್ಟಿದ (ಮರಿಹುಳು ಸಾಕಣೆ ಆರಂಭಿಸಿದ) ದಿನದಿಂದ ಆ ದಿನಗಳು ಹೆಚ್ಚುಕಡಿಮೆ ಗೊತ್ತಾಗಿಬಿಡುತ್ತವೆ, ಹಾಗಾಗಿ ಎರಡು ವಾರ ಮುಂಚೆಯೇ ಸಹೋದ್ಯೋಗಿಯ ಜೊತೆ ಸರದಿ ಅದಲುಬದಲು ಮಾಡಿಕೊಳ್ಳಿ. ಆನ್-ಕಾಲ್ ಇಟ್ಟುಕೊಂಡೇ ಹುಳುಮನೆಗೆ ಇಳಿದರೆ ಎರಡು ಕೆಲಸವೂ ಕೆಡುತ್ತದೆ.

ಈಗ ಅನುಭವದ ಪತ್ರದ ಮಾತು. ಹೊಸ ಕಂಪನಿ ಹಿನ್ನೆಲೆ ಪರಿಶೀಲನೆ ಮಾಡುವಾಗ ನಿಮ್ಮ ಯುಎಎನ್‌ನ (ಭವಿಷ್ಯನಿಧಿಯ ಸಾರ್ವತ್ರಿಕ ಖಾತೆ ಸಂಖ್ಯೆ) ಭವಿಷ್ಯನಿಧಿ ದಾಖಲೆ ಕೇಳುತ್ತದೆ. ಯಾವ ಉದ್ಯೋಗದಾತರ ಬಳಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಇದ್ದಿರಿ ಎಂಬುದು ಅಲ್ಲಿರುತ್ತದೆ. ಸಪೋರ್ಟ್ ಕಂಪನಿಯಲ್ಲಿದ್ದ ಅವಧಿಯಲ್ಲೇ ಇನ್ನೊಂದು ಕಡೆ ಡೆವಲಪರ್ ಆಗಿದ್ದೆ ಎಂಬ ಪತ್ರ ಅಲ್ಲೇ ಸಿಕ್ಕಿಬೀಳುತ್ತದೆ. ಸೇರಿದ ಎಷ್ಟೋ ತಿಂಗಳ ನಂತರ ಗೊತ್ತಾದರೂ ಕೆಲಸದಿಂದ ತೆಗೆಯುತ್ತಾರೆ, ಹಾಗೆ ತೆಗೆಸಿಕೊಂಡವರು ಮುಂದಿನ ಪ್ರತಿ ಸಂದರ್ಶನದಲ್ಲೂ ಅದಕ್ಕೆ ಉತ್ತರಿಸಬೇಕು. ಅದಕ್ಕಿಂತ ಮುಖ್ಯವಾಗಿ, ದಾಖಲೆ ಸತ್ಯವಾಗಿರುವಂತೆ ಕಾಯುವುದೇ ನೀವು ಬಯಸಿರುವ ವೃತ್ತಿ. ಅದಕ್ಕೆ ಸುಳ್ಳು ದಾಖಲೆ ಹಿಡಿದು ಒಳಗೆ ಹೋಗಬಾರದು. ಕೆಲಸ ಕೊಡಿಸಲು ಮುಂಗಡ ಹಣ ಕೇಳುವವರಿಗೆ, ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ ಎನ್ನುವವರಿಗೆ ಏನನ್ನೂ ಕೊಡಬೇಡಿ.

ನಿಮ್ಮ ನಿಜವಾದ ಅನುಭವವನ್ನೇ ಸರಿಯಾಗಿ ಬರೆಯಿರಿ. ಟಿಕೆಟ್ ನಿರ್ವಹಿಸಿದೆ ಎಂದು ಬರೆದರೆ ಯಾರೂ ನಿಲ್ಲಿಸಿ ಓದುವುದಿಲ್ಲ. ಯಾವ ದೋಷ ಎಷ್ಟು ಸಲ ಮರುಕಳಿಸುತ್ತಿತ್ತು, ಕಾರಣವನ್ನು ಹೇಗೆ ಪತ್ತೆ ಮಾಡಿದಿರಿ, ತಿದ್ದುಪಡಿಯ ನಂತರ ಎಷ್ಟಕ್ಕೆ ಇಳಿಯಿತು ಎಂದು ಬರೆಯಿರಿ, ಗ್ರಾಹಕರ ಹೆಸರು ಮತ್ತು ಗುಟ್ಟು ಬಿಟ್ಟು. ಹರಾಜಿನ ವ್ಯವಸ್ಥೆಯ ಕೋಡನ್ನು ಸಾರ್ವಜನಿಕವಾಗಿಡಿ, 100 ಬಿಡ್‌ಗಳ ಪರೀಕ್ಷೆಯನ್ನೂ ಅದರಲ್ಲಿ ಸೇರಿಸಿ. ರೆಸ್ಯೂಮೆ ಒಂದೇ ಪುಟವಿರಲಿ. ಸಂದರ್ಶನದಲ್ಲಿ ಒಂದು ಕೋಡಿಂಗ್ ಸುತ್ತು, ಎಸ್‌ಕ್ಯೂಎಲ್ ಮತ್ತು ಡೇಟಾಬೇಸ್ ಪ್ರಶ್ನೆಗಳು, ನೀವು ಕಟ್ಟಿದ್ದರ ಬಗ್ಗೆ ಆಳವಾದ ವಿಚಾರಣೆ ಇರುತ್ತದೆ ಎಂದುಕೊಂಡು ತಯಾರಾಗಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದು ಹೇಳಿ, ಹೇಗೆ ಪತ್ತೆ ಮಾಡುತ್ತೀರಿ ಎಂದೂ ಹೇಳಿ. ಆಫರ್ ಕೈಗೆ ಬಂದ ಮೇಲೆಯೇ ರಾಜೀನಾಮೆ ಕೊಡಿ. ನೋಟಿಸ್ ಅವಧಿ ಹಲವು ಕಡೆ 90 ದಿನ ಇರುತ್ತದೆ, ಅದನ್ನು ಹೊಸ ಕಂಪನಿಗೆ ಮೊದಲ ಮಾತಿನಲ್ಲೇ ತಿಳಿಸಿ. ಬಿಡುವಾಗ ರಿಲೀವಿಂಗ್ ಪತ್ರ ಕೈಗೆ ಬಂತೇ, ಭವಿಷ್ಯನಿಧಿಯಲ್ಲಿ ಬಿಟ್ಟ ದಿನಾಂಕ ಸರಿಯಾಗಿ ದಾಖಲಾಯಿತೇ ಎಂದು ಮರೆಯದೆ ನೋಡಿಕೊಳ್ಳಿ.